ಸಕ್ಕರಿ ಜೋಳದ ಎರಡು ಸಾಲು

೧೯೮೭ನೆಯ ಇಸವಿಯಲ್ಲಿ ನಾನು ಶಾಲೆ ಬಿಟ್ಟೆ. ಆಗ ಏಳನೆಯ ಇಯತ್ತೆ, ಅದೂ ಅರ್ಧ. ಬಡತನದಿಂದ ಬಿಟ್ಟೆ ಎಂದರೆ ಕೇಳಿದವರು ಮರುಗುತ್ತಾರೆ. ಮರುಗಿಸಿಕೊಳ್ಳುವುದು ನನಗೆ ಆಗಿಬರುವುದಿಲ್ಲ. ಮಾಸ್ತರರ ಹೊಡೆತಕ್ಕೆ ಹೆದರಿ ಬಿಟ್ಟೆ ಎನ್ನೋಣವೆಂದರೆ, ನಮ್ಮ ಮಾಸ್ತರರು ಬೆತ್ತ ಎತ್ತಿದಾಗಲೆಲ್ಲ ಮೊದಲು ಅವರಿಗೇ ನಗು ಬರುತ್ತಿತ್ತು. ನನ್ನನ್ನು ಶಾಲೆ ಬಿಡಿಸಿದ್ದು ಗುಬ್ಬಿಗಳು. ಈ ಮಾತನ್ನು ಎಷ್ಟು ಗಂಭೀರವಾಗಿ ಹೇಳಿದರೂ ಜನ ನಗುತ್ತಾರೆ. ನೀವೂ ನಕ್ಕುಬಿಡಿ, ಆಮೇಲೆ ಮುಂದೆ ಹೋಗೋಣ.

ಇದೆಲ್ಲ ನೆನಪಾದದ್ದು ಮೊನ್ನೆ ದಸರೆಗೆ ಮನೆ ಸುಣ್ಣ ಹಚ್ಚುವಾಗ. ನನ್ನ ಹೆಂಡತಿ ಕುಸುಮಾ ಗೋಡೆಯ ಗೂಟದಿಂದ ಒಂದು ಹಳೆಯ ಹಗ್ಗದಂಥದ್ದನ್ನು ಎರಡು ಬೆರಳಲ್ಲಿ ಹಿಡಿದು ತಂದಳು, ಸತ್ತ ಹಲ್ಲಿಯನ್ನು ತಂದ ಹಾಗೆ.

"ಇದನ್ನ ಹೊರಗ ಒಗೀಲೇನ್ರಿ?"

"ಏ, ಅದ ನನ್ನ ಕವಣಿ!"

"ಕವಣಿ ಅಂತ ಗೊತ್ತೈತ್ರಿ. ಇನ್ನ ಯಾರಿಗಿ ಹೊಡಿಯಾವ್ರದೀರಿ?"

"ಹೊಡ್ಯಾಕಲ್ಲ. ಪುಂಡಿ ನಾರಿಂದು ಅದು. ಒಗದ್ರ ಇನ್ನೊಂದ ಮಾಡಾಕ ಬಲಿತ ಪುಂಡಿ ಎಲ್ಲೈತಿ ಊರಾಗ?"

ಕುಸುಮಾ ಕವಣೆಯನ್ನು ಮತ್ತೆ ಗೂಟಕ್ಕೆ ಹಾಕಿದಳು. ಗೆದ್ದದ್ದು ನಾನೇ ಎಂದು ಇಬ್ಬರೂ ತಿಳಿದೆವು.

ಹಿಂದೆ ನಮ್ಮ ಹೊಲದ ಬದುವಿನುದ್ದಕ್ಕೂ ಪುಂಡಿ ಇರುತ್ತಿತ್ತು. ಎಳೆಯ ಎಲೆ ಪಲ್ಯಕ್ಕೆ, ಬಲಿತ ದಂಟಿನ ನಾರು ಹಗ್ಗಕ್ಕೆ. ಅದನ್ನು ಯಾರೂ ಬೆಳೆ ಎಂದು ಕರೆಯುತ್ತಿರಲಿಲ್ಲ. ಅದು ಇರುತ್ತಿತ್ತು, ಅಷ್ಟೆ. ಮನೆಯಲ್ಲಿ ಅತ್ತೆಯೋ ಚಿಕ್ಕಮ್ಮನೋ ಇದ್ದ ಹಾಗೆ. ಇರುವಾಗ ಗಮನಕ್ಕೆ ಬರುವುದಿಲ್ಲ, ಇಲ್ಲವಾದ ಮೇಲೆ ಪಲ್ಯವೂ ಇಲ್ಲ, ಹಗ್ಗವೂ ಇಲ್ಲ.

ಈಗ ಗುಬ್ಬಿಗಳ ಮಾತಿಗೆ ಬರುತ್ತೇನೆ. ಶೇಡಬಾಳದ ಕಡೆಗೆ ನಮ್ಮದೊಂದು ಎರೆ ಹೊಲ, ಕರಿ ಮಣ್ಣಿನದು. ಹಿಂಗಾರಿ ಜೋಳ ಹಾಲುಗಾಳಿಗೆ ಬಂದರೆ ಯಾರಾದರೂ ಒಬ್ಬರು ಅಟ್ಟದ ಮೇಲೆ ನಿಂತು ಹಕ್ಕಿ ಕಾಯಬೇಕು. ಆ ವರ್ಷ ಅಪ್ಪನ ಬೆನ್ನು ಹಿಡಿದುಕೊಂಡಿತ್ತು. "ಒಂದ ತಿಂಗಳ ಅಷ್ಟ" ಎಂದು ನನ್ನನ್ನು ನಿಲ್ಲಿಸಿದರು. ತಿಂಗಳಾದ ಮೇಲೆ ಶಾಲೆಗೆ ಹೋದೆ. ಅಷ್ಟರಲ್ಲಿ ಮಾಸ್ತರರು ಭಿನ್ನರಾಶಿ ಮುಗಿಸಿ ಬಡ್ಡಿ ಲೆಕ್ಕಕ್ಕೆ ಹೋಗಿದ್ದರು. ಹಲಗೆಯ ಮೇಲೆ ಬರೆದದ್ದು ನನಗೆ ಹಕ್ಕಿಯ ಹೆಜ್ಜೆಯ ಹಾಗೆ ಕಂಡಿತು. ಹಕ್ಕಿಯ ಹೆಜ್ಜೆಯನ್ನೇ ಓದುವುದಾದರೆ ಹೊಲದಲ್ಲಿ ಗಾಳಿಯಾದರೂ ಇದೆಯಲ್ಲ ಎಂದು ಮರಳಿ ಅಟ್ಟ ಹತ್ತಿದೆ. ಇಳಿದಾಗ ಮೀಸೆ ಬಂದಿತ್ತು.

ನಾವು ಜೈನರು. ಜೈನರ ಹುಡುಗನ ಕೈಗೆ ಕವಣೆ ಕೊಟ್ಟರೆ ಏನಾಗುತ್ತದೆ ಎಂದು ನೀವು ಕೇಳಬೇಕು. ಅವ್ವ ಕವಣೆ ಕೈಗೆ ಕೊಡುವಾಗಲೇ ಹೇಳಿದ್ದಳು: "ಸಪ್ಪಳ ಅಷ್ಟ ಆಗ್ಲಿ. ಒಂದ ಹಕ್ಕಿಗಿ ತಾಗಿತಂದ್ರ ಅವತ್ತ ನಿನಗ ರೊಟ್ಟಿ ಇಲ್ಲ." ಎಲ್ಲ ಹುಡುಗರು ಗುರಿ ಹಿಡಿಯಲು ಕಲಿತರೆ ನಾನು ಗುರಿ ತಪ್ಪಿಸಲು ಕಲಿತೆ. ಅದು ಸುಲಭವೆಂದು ತಿಳಿಯಬೇಡಿ. ಹಾರುವ ಹಿಂಡಿನ ನಡುವೆ ಕಲ್ಲು ದಾಟಿಸಿ ಯಾವ ಗರಿಗೂ ತಾಗದ ಹಾಗೆ ಆಚೆ ಬೀಳಿಸುವುದಕ್ಕೆ ಹೊಡೆಯುವವನಿಗಿಂತ ಹೆಚ್ಚಿನ ಕಣ್ಣು ಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಸುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ ಎಂದು ಎದೆ ಮುಟ್ಟಿ ಹೇಳುತ್ತೇನೆ. ಹಕ್ಕಿಗಳಿಗೂ ಅದು ಗೊತ್ತಾಗಿಹೋಗಿತ್ತು ಎನ್ನುವುದು ಬೇರೆ ಮಾತು.

ಹಕ್ಕಿಗಳ ಕಣ್ಣಿದ್ದದ್ದು ಇಡೀ ಹೊಲದ ಮೇಲಲ್ಲ; ನಡುವಿನ ನಾಲ್ಕು ಸಾಲಿನ ಮೇಲೆ. ಅವ್ವನ ಹತ್ತಿರ ಮೂರು ಬಗೆಯ ಜೋಳವಿತ್ತು. ರೊಟ್ಟಿಗೆ ಒಂದು. ಪಂಚಮಿಗೆ ಅಳ್ಳು ಹುರಿಯಲು ಇನ್ನೊಂದು. ಅದರ ಕಾಳು ಚಿಕ್ಕದು, ಬಾಣಲೆಗೆ ಬಿದ್ದರೆ ಮಲ್ಲಿಗೆಯ ಹಾಗೆ ಅರಳುತ್ತಿತ್ತು. ಮೂರನೆಯದು, ಆ ನಾಲ್ಕು ಸಾಲಿನದು, ಸಕ್ಕರಿ ಜೋಳ, ಸೀತನಿಗೆ. ಸೀತನಿ ತಿನ್ನದವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ಕಾಳು ಇನ್ನೂ ಹಸಿರಿದ್ದು, ಒತ್ತಿದರೆ ಹಾಲು ಬರುವಾಗ ತೆನೆ ಕೊಯ್ಯಬೇಕು. ಹೊಲದಲ್ಲೇ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ, ಹೊಟ್ಟು ಊದಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ತಿನ್ನಬೇಕು. ನಮ್ಮ ಮನೆಯಲ್ಲಿ ಇನ್ನೂ ಒಂದು ಕೆಲಸವಿತ್ತು: ಸುಡುವ ಮೊದಲು ಒಂದೊಂದು ತೆನೆಯನ್ನೂ ಜಾಡಿಸಿ ಹುಳ ಇದೆಯೇ ಎಂದು ನೋಡುವುದು. ಇದ್ದರೆ ಅದನ್ನು ಎಲೆಯ ಮೇಲೆ ಇಳಿಸಿ ಬದುವಿಗೆ ಬಿಟ್ಟು ಬರುವುದು. ಎಲ್ಲವೂ ಹೊತ್ತು ಮುಳುಗುವುದರೊಳಗೆ. ಮುಳುಗಿದ ಮೇಲೆ ನಮ್ಮಲ್ಲಿ ಬಾಯಿಗೆ ಏನೂ ಹೋಗುವುದಿಲ್ಲ, ಮಾತು ಮಾತ್ರ ಹೊರಗೆ ಬರುತ್ತದೆ.

ಸಕ್ಕರಿ ಜೋಳಕ್ಕೆ ಒಂದು ಕಷ್ಟವಿದೆ. ಅದು ಬಹಳ ರುಚಿ, ಅದೇ ಅದರ ಕಷ್ಟ. ರೊಟ್ಟಿಯ ಜೋಳ ಯಾರಿಗೂ ಬೇಡವಾಗಿ ಹಣ್ಣಾಗುತ್ತದೆ. ಸಕ್ಕರಿ ಜೋಳವನ್ನು ಹಣ್ಣಾಗಲು ಯಾರೂ ಬಿಡುವುದಿಲ್ಲ. ಮೊದಲು ಹಕ್ಕಿ, ಆಮೇಲೆ ದಾರಿಹೋಕರು, ಆಮೇಲೆ ನೆಂಟರು, ಕೊನೆಗೆ ಮನೆಯವರು. ಬೀಜಕ್ಕೆ ಉಳಿಯಬೇಕೆಂದರೆ ಯಾರಾದರೂ ಕಲ್ಲೆದೆ ಮಾಡಬೇಕು. ಅವ್ವ ಒಳ್ಳೆಯ ತೆನೆ ನೋಡಿ ದಂಟಿಗೆ ಕೆಂಪು ದಾರ ಕಟ್ಟುತ್ತಿದ್ದಳು. ದಾರ ಕಟ್ಟಿದ್ದನ್ನು ಮುಟ್ಟಿದರೆ ಸ್ವತಃ ಅಪ್ಪನಿಗೂ ಕ್ಷಮೆ ಇರಲಿಲ್ಲ. ಒಣಗಿದ ಕಾಳನ್ನು ಬೂದಿ, ಬೇವಿನೆಲೆ ಹಾಕಿ ಗಡಿಗೆಯಲ್ಲಿಟ್ಟು ಬಾಯಿಗೆ ಸೆಗಣಿ ಮೆತ್ತುತ್ತಿದ್ದಳು. ಬಿತ್ತುವಾಗ ತೆಗೆದರೂ ಒಂದು ಮುಷ್ಟಿ ಅದರಲ್ಲೇ ಬಿಡುತ್ತಿದ್ದಳು. "ಗಡಿಗಿ ತಳಾ ಕಾಣಬಾರ್ದು" ಎನ್ನುವುದು ಅವಳ ಮಾತು. ನಾನು ಅದನ್ನು ಹೆಂಗಸರ ಮಾತು ಎಂದು ಬಿಟ್ಟಿದ್ದೆ.

ಅವ್ವ ಹೋದಳು, ಕಬ್ಬು ಬಂತು. ಕಬ್ಬನ್ನು ನಾನು ಬೈಯುವವನಲ್ಲ. ಈ ಮನೆಯ ಸ್ಲ್ಯಾಬು ಕಬ್ಬಿನದು, ಟ್ರ್ಯಾಕ್ಟರು ಕಬ್ಬಿನದು, ಮಗಳು ಪದ್ಮಾಳ ಮದುವೆ ಕಬ್ಬಿನದು. ಬೈದರೆ ನಾಲಿಗೆಗೆ ಹುಳ ಬಿದ್ದೀತು. ಆದರೆ ಒಂದು ಮಾತು ಹೇಳಬೇಕು. ಊರಿಗೆಲ್ಲ ಒಂದೇ ಬೆಳೆ ಎಂದರೆ ಊರಿಗೆಲ್ಲ ಒಂದೇ ನಸೀಬು. ಎಲ್ಲರಿಗೂ ಒಂದೇ ದಿನ ಕೊಯ್ಯುವ ಗ್ಯಾಂಗು ಬೇಕು, ಎಲ್ಲರ ಗಾಡಿಯೂ ಒಂದೇ ಸಾಲಿನಲ್ಲಿ ನಿಲ್ಲಬೇಕು, ಬಿಲ್ಲು ತಡವಾದರೆ ಎಲ್ಲರ ಕಿಸೆಯೂ ಒಟ್ಟಿಗೇ ಖಾಲಿ. ಯಾರ ಹತ್ತಿರ ಕೈಗಡ ಕೇಳುವುದು? ಒಂದು ವರ್ಷ ಹೊಳೆ ಏರಿ ಬಂದು ನಮ್ಮ ಕೆಳಗಿನ ಕಬ್ಬಿನಲ್ಲಿ ಹದಿನೈದು ದಿನ ನಿಂತಿತು. ಕಬ್ಬು ನಿಂತಲ್ಲೇ ಕೊಳೆತು ಹುಳಿ ವಾಸನೆ ಹೊಡೆಯಿತು. ಆ ವರ್ಷ ನಮ್ಮನ್ನು ಹಿಡಿದೆತ್ತಿದ್ದು ಮೇಲಿನ ಎರೆ ಹೊಲ. ಜೋಳ, ಸಾಲಿನ ನಡುವೆ ಕುಸುಬೆ, ಒಂದಿಷ್ಟು ಕಡಲೆ, ಅಗಸೆ. ಒಂದು ಕೈಕೊಟ್ಟರೆ ಇನ್ನೊಂದು ಇದ್ದೇನೆ ಎನ್ನುತ್ತಿತ್ತು. ನಮ್ಮ ಎಮ್ಮೆಗಳಿಗೆ ಮೇಯಲು ಜೋಳದ ಕಣಿಕೆ ಇತ್ತು. ಉಳಿದವರು ನಮ್ಮ ಬಣವೆಗೆ ಬಂದರು.

ಹೊಳೆ ಇಳಿದ ಮೇಲೆ ನನಗೆ ಬುದ್ಧಿ ಬಂತು ಎಂದು ತಿಳಿದಿರಾ? ಬುದ್ಧಿ ಬರಲಿಲ್ಲ, ಉಪಾಯ ಬಂತು. ಮಿರಜ ರಸ್ತೆಯ ಬದಿಗೆ ಒಂದು ಚಪ್ಪರ ಹಾಕಿ, ಚಳಿಗಾಲದಲ್ಲಿ ಸಕ್ಕರಿ ಜೋಳದ ಸೀತನಿ ಸುಟ್ಟು ಕೊಡತೊಡಗಿದೆವು. ಕೆಂಡದ ಮುಂದೆ ಕುಸುಮಾ, ತಿಕ್ಕುವುದಕ್ಕೆ ನಾನು, ಚಟ್ನಿ ಬಡಿಸಲು ಮಗ ಸನ್ಮತಿ. ವಾಸನೆಗೆ ಕಾರುಗಳು ನಿಂತವು. ಕೊಲ್ಹಾಪುರದವರು, ಸಾಂಗಲಿಯವರು, ಅಥಣಿಯ ವ್ಯಾಪಾರಿಗಳು. ಕಬ್ಬಿನ ಬಿಲ್ಲು ಬರುವ ತನಕ ಮನೆ ನಡೆಸಿದ್ದು ಆ ಕುಣಿಯ ಕೆಂಡ. ನಮ್ಮನ್ನು ನೋಡಿ ಆಚೀಚೆಯ ಇಬ್ಬರು ಹೆಣ್ಣುಮಕ್ಕಳು ಬೀಜ ಕೇಳಿದರು. "ನೋಡೂಣು" ಎಂದೆ. ನಮ್ಮ ಕಡೆ ನೋಡೋಣ ಎಂದರೆ ಇಲ್ಲ ಎಂದರ್ಥ, ಬಾಯಿ ಮಾತ್ರ ಸಣ್ಣದಾಗುವುದಿಲ್ಲ. ಕೃಷಿ ಕಾಲೇಜಿನಿಂದ ಒಬ್ಬಳು ಹುಡುಗಿ ಬಂದು ಜೀವವೈವಿಧ್ಯ ಎನ್ನುವ ಶಬ್ದ ಹೇಳಿದಳು. ಅಷ್ಟು ದೊಡ್ಡ ಶಬ್ದವನ್ನು ಬಹಳ ಚೆನ್ನಾಗಿ ಬಿಡಿಸಿಯೂ ಹೇಳಿದಳು: ಬೀಜ ಹಲವು ಕಡೆ ಇದ್ದರೆ ಉಳಿಯುತ್ತದೆ, ಒಂದೇ ಕಡೆ ಇದ್ದರೆ ಯಾವತ್ತಾದರೂ ಹೋಗುತ್ತದೆ. ಅವಳಿಗೆ ತಿನ್ನಲು ಬೇಕಾದಷ್ಟು ಕೊಟ್ಟೆ, ಬಿತ್ತಲು ಕೊಡಲಿಲ್ಲ. ಸಕ್ಕರಿ ಜೋಳ ಎಂದರೆ ನಮ್ಮ ಮನೆ ಎಂದು ನಾಲ್ಕೂರು ಹೇಳುತ್ತಿತ್ತು. ಅದನ್ನು ಹಂಚಿಕೊಳ್ಳಲು ನನ್ನ ಮೀಸೆ ಒಪ್ಪಲಿಲ್ಲ.

ಮರುವರ್ಷ ವ್ಯಾಪಾರ ಹೆಚ್ಚಿಸಬೇಕೆಂದು ಗಡಿಗೆಯನ್ನು ಮಗುಚಿ ಪೂರಾ ಬಿತ್ತಿದೆ. ಮಾರುವಷ್ಟು ಮಾರಿ, ನಡುವಿನ ಎರಡು ಸಾಲಿಗೆ ಕೆಂಪು ದಾರ ಕಟ್ಟಿದೆ. ಗಡಿಗೆಯ ತಳ ಕಂಡಿತ್ತು. ಇನ್ನು ಸಕ್ಕರಿ ಜೋಳ ಎಂಬುದೇನಾದರೂ ಇದ್ದರೆ ಅದು ಆ ಎರಡು ಸಾಲು, ಮತ್ತೆ ಪಕ್ಕದಲ್ಲಿ ಉಳಿದ ಒಂದಿಷ್ಟು.

ಸಂಕ್ರಾಂತಿ ಆಗಿ ನಾಲ್ಕೈದು ದಿನಕ್ಕೆ ನಿಪ್ಪಾಣಿಯಿಂದ ಪದ್ಮಾ ಫೋನು ಮಾಡಿದಳು.

"ಅಪ್ಪಾ, ನಮ್ಮ ಮಾವಾರು ಸೀತನಿ ತಿನ್ನಾಕ ಬರ್ತಾರಂತ."

"ಬರ್ಲಿ, ಬರ್ಲಿ. ಎಷ್ಟ ಮಂದಿ?"

"ಒಂದ ಗಾಡಿ ಅಷ್ಟ."

ಮೂರು ಗಾಡಿ ಬಂದವು, ಅದೂ ಸಂಜೆ ನಾಲ್ಕಕ್ಕೆ. ಪದ್ಮಾಳ ಮಾವ ತಾತ್ಯಾಸಾಹೇಬರು ತಂಬಾಕಿನ ವ್ಯಾಪಾರದಲ್ಲಿ ತಲೆ ನರೆಸಿಕೊಂಡವರು. ಮಾತು ಅರ್ಧ ಕನ್ನಡ, ಅರ್ಧ ಮರಾಠಿ, ಪೂರಾ ಚೇಷ್ಟೆ. ಗಾಡಿಯಿಂದ ಇಳಿಯುತ್ತಲೇ ಶುರು ಮಾಡಿದರು.

"ಕಾಯ್ ಬೀಗ್ರ, ಫೋನಿನ್ಯಾಗ ಭಾಳ ಹೊಗಳತಿದ್ರಿ. ಎಲ್ಲೈತಿ ನಿಮ್ಮ ಸಕ್ಕರಿ?"

"ಮೊದ್ಲ ಬಾಯಿ ತೊಳ್ಕೋರಿ. ಇದನ್ನ ತಿಂದ ಮ್ಯಾಲೆ ನಿಮ್ಮೂರ ಪೇಢೆ ಸಪ್ಪಗ ಹತ್ತತಾವ."

ಮೊದಲ ಮುಷ್ಟಿ ಬಾಯಿಗೆ ಹೋಯಿತು. ತಾತ್ಯಾಸಾಹೇಬರ ಮಾತು ನಿಂತಿತು. ಅವರ ಮಾತು ನಿಂತದ್ದನ್ನು ಅವರ ಮನೆಯವರೇ ಮೊದಲ ಸಲ ನೋಡಿದ್ದಂತೆ. ಎರಡನೆಯ ಸುತ್ತು, ಮೂರನೆಯ ಸುತ್ತು. ಪಕ್ಕದಲ್ಲಿ ಉಳಿದದ್ದೆಲ್ಲ ಕೆಂಡ ಸೇರಿತು. ಹೊತ್ತು ಪಡುವಣಕ್ಕೆ ವಾಲಿತ್ತು. ಆಗ ಬೀಗರು ಗೋಣಿಚೀಲದ ಮೇಲೆ ಇನ್ನೂ ಗಟ್ಟಿಯಾಗಿ ಕೂತು ಅಂದರು:

"ಇನ್ನೊಂದ ಸುತ್ತ ಆಗ್ಲಿ, ಬೀಗ್ರ. ಏನ, ಮುಗೀತ ಹೆಂಗ? ಮುಗದ್ರ ಹೇಳ್ರಿ, ನಾವೇನ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ."

ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಬೀಗರು ಅಂದಮೇಲೆ ಮುಗಿಯಿತು. ಕಪಾಳಕ್ಕೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ.

"ಮುಗ್ಯೂದಂದ್ರ ಏನ್ರಿ? ನಮ್ಮ ಹೊಲದಾಗ ಮುಗಿತೈತೇನು? ಏ ಸನ್ಮತೀ, ತಗೊಂಬಾರೋ! ಹೊತ್ತ ಮುಳಗತೈತಿ, ಲಗೂ!"

ಸನ್ಮತಿ ಕುಡುಗೋಲು ಹಿಡಿದು ಓಡಿದ. ಕುಸುಮಾಳೂ ಇನ್ನೊಂದು ಕಡೆಯಿಂದ ಹೋದಳು. ಅವರಿಬ್ಬರೂ ತಂದದ್ದು ಸುಟ್ಟಾಯಿತು. ಸೂರ್ಯ ಇನ್ನೂ ಒಂದು ಮೊಳ ಮೇಲಿದ್ದ. ಬೀಗರ ಅಂಗೈ ಇನ್ನೂ ಚಾಚಿಯೇ ಇತ್ತು. ಕೊನೆಗೆ ನಾನೇ ಎದ್ದು ಹೋಗಿ ಒಂದು ತೆಕ್ಕೆ ತಂದೆ. ಹೊತ್ತು ಮುಳುಗುವುದಕ್ಕೂ ಅವರು ಕೈ ಜಾಡಿಸಿ ಏಳುವುದಕ್ಕೂ ಸರಿಹೋಯಿತು. "ಮಾನ್ಲಂ ಬೀಗ್ರ! ಒಪ್ಪಿದೆ!" ಎಂದು ನನ್ನ ಬೆನ್ನು ತಟ್ಟಿ ಹೊರಟರು. ಬೆನ್ನು ಇನ್ನೂ ಒಂದಿಷ್ಟು ಅಗಲವಾಯಿತು.

ಗಾಡಿಯ ಧೂಳು ಇಳಿದ ಮೇಲೆ ಮೂವರೂ ಕುಣಿಗೆ ಮಣ್ಣು ಎಳೆಯುತ್ತಿದ್ದೆವು.

"ನೀ ಎಲ್ಲಿಂದ ತಂದಿ?" ಎಂದೆ ಕುಸುಮಾಗೆ.

"ದಾರದ ಸಾಲಿಂದ. ಮೂಡಣ ತುದಿದಷ್ಟ ಕೊಯ್ದೆ. ಉಳದದ್ದ ಬೀಜಕ್ಕ ಸಾಕಾಗತೈತಿ ಅನ್ಕೊಂಡೆ."

"ನೀನೋ?"

"ನಾ ಪಡುವಣ ತುದಿ, ಅಪ್ಪಾ. ನಡಬರಕ ಮುಟ್ಟಿಲ್ಲ, ಖರೇ."

ನಾನು ಇನ್ನಷ್ಟು ಮಣ್ಣು ಎಳೆದೆ. ಕುಸುಮಾ ನನ್ನ ಮುಖ ನೋಡಿದಳು.

"ನಡಬರಕಿಂದ... ನೀವು?"

ಮೂವರೂ ಎದ್ದು ಹೋಗಿ ನೋಡಿದೆವು. ಎರಡು ಸಾಲು ಮೊಂಡು ದಂಟು. ಒಂದೊಂದಕ್ಕೂ ಕೆಂಪು ದಾರ ಕಟ್ಟಿದ್ದು ಹಾಗೇ ಇತ್ತು. ಕುಸುಮಾಗೆ ಮೊದಲು ನಗು ಬಂತು. ನಗುತ್ತ ನಗುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬರಗಾಲ ಒಯ್ಯದ್ದನ್ನು, ಹೊಳೆ ಒಯ್ಯದ್ದನ್ನು, ಕಬ್ಬು ಒಯ್ಯದ್ದನ್ನು ನಾವು ಮೂವರು ಸೇರಿ ಬೀಗತನ ಮಾಡಿ ಮುಗಿಸಿದ್ದೆವು.

ಜೋಳದ ದಂಟಿಗೆ ಜೀವ ಗಟ್ಟಿ. ನೀರು ಬಿಟ್ಟರೆ ಬುಡದಿಂದ ಕೂಳೆ ಒಡೆಯುತ್ತದೆ. ಬಿಟ್ಟೆ. ಒಡೆಯಿತು. ಬೆರಳಷ್ಟು ಉದ್ದದ ತೆನೆಗಳೂ ಬಂದವು. ಆದರೆ ಆಗ ಸುತ್ತಲಿನ ಜೋಳವೆಲ್ಲ ಕೊಯ್ದಾಗಿತ್ತು. ಸೀಮೆಯ ಅಷ್ಟೂ ಗುಬ್ಬಿ, ಅಷ್ಟೂ ಗಿಳಿ ನನ್ನ ಎರಡು ಸಾಲಿಗೆ ಇಳಿದವು. ಗೂಟದಿಂದ ಕವಣೆ ತೆಗೆದೆ. ಐವತ್ತು ದಾಟಿದವನು ಬದುವಿನ ಮೇಲೆ ನಿಂತು ಬೀಸಿದೆ. ನನ್ನ ವಿದ್ಯೆ ಒಂದಿಷ್ಟೂ ಮರೆತಿರಲಿಲ್ಲ. ಕಲ್ಲು ಹಿಂಡಿನ ನಡುವೆ ಹಾದು ಒಂದು ಗರಿಗೂ ತಾಗದೆ ಆಚೆ ಬಿತ್ತು. ಒಂದು ಗಿಳಿ ಕತ್ತು ಓರೆ ಮಾಡಿ ಕಲ್ಲು ಬಿದ್ದ ಕಡೆ ನೋಡಿ, ಮತ್ತೆ ತಿನ್ನತೊಡಗಿತು. ಅದರ ಮುತ್ತಜ್ಜಿ ನನ್ನ ವಿಷಯ ಹೇಳಿರಬೇಕು.

ಬೇಸಿಗೆ ಬರುವಷ್ಟರಲ್ಲಿ ಬೀಜಕ್ಕೆ ಒಂದು ಕಾಳೂ ಉಳಿದಿರಲಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ ಕುಸುಮಾ ತಲೆ ಎತ್ತದೆ ಅಂದಳು:

"ಚಿಂಚಲಿ ಅಕ್ಕಾವ್ರನ್ನ ಕೇಳಬಾರ್ದೇನ್ರಿ?"

ನನಗೂ ಅದು ಹೊಳೆದಿತ್ತು, ಹೊಳೆದದ್ದನ್ನು ಒಳಗೇ ಒತ್ತಿಟ್ಟಿದ್ದೆ. ನಾನು ಶಾಲೆ ಬಿಟ್ಟ ಮರುವರ್ಷ ನನ್ನ ಅಕ್ಕ ಚಂಪಕ್ಕನನ್ನು ಚಿಂಚಲಿಗೆ ಮದುವೆ ಮಾಡಿ ಕೊಟ್ಟರು. ಗಂಡನ ಮನೆಗೆ ಕಳಿಸುವಾಗ ಅವ್ವ ಅವಳ ಉಡಿಗೆ ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು ಹಾಕಿ, ಸೆರಗಿನ ತುದಿಗೆ ಒಂದು ಮುಷ್ಟಿ ಸಕ್ಕರಿ ಜೋಳ ಗಂಟು ಹಾಕಿದ್ದಳು. ನಾನು ಜಗಳ ತೆಗೆದಿದ್ದೆ: "ನಾ ಕಾದ ಜ್ವಾಳ ಇಕಿಗ್ಯಾಕ?" ಎಂದು. ಶಾಲೆ ಬಿಟ್ಟು ಕಾದದ್ದಲ್ಲವೇ! ಅಕ್ಕ ಅಳುವುದನ್ನು ನಿಲ್ಲಿಸಿ ನನ್ನ ತಲೆಗೆ ಮೊಟಕಿ, ಮತ್ತೆ ಅಳುತ್ತ ಗಾಡಿ ಹತ್ತಿದ್ದಳು. ಆ ಮುಷ್ಟಿ ಏನಾಯಿತು ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಈಗ ಕೇಳುವುದು ಹೇಗೆ? ನಮ್ಮಲ್ಲಿ ತವರಿನಿಂದ ಹೆಣ್ಣುಮಗಳ ಮನೆಗೆ ಹೋಗುತ್ತದೆ; ಹೆಣ್ಣುಮಗಳ ಮನೆಯಿಂದ ತವರಿಗೆ ಬರುವುದಿಲ್ಲ. ಅಣ್ಣತಮ್ಮಂದಿರು ಸೀರೆ ಹಿಡಿದು ಹೋಗಬೇಕು, ಊಟ ಮಾಡಿ ಕೈ ತೊಳೆದು ಬರಬೇಕು. ಕೈಯೊಡ್ಡಿ ತಂದರೆ "ಅಕ್ಕನ ಮನೀದು ತಂದ ಉಂಡಾಂವ" ಎನ್ನುತ್ತಾರೆ. ಮೂವತ್ತೈದು ವರ್ಷ ಯಾರ ಮುಂದೆಯೂ ಕೈಯೊಡ್ಡದ ಕೈ ಇದು.

"ಅಕ್ಕನ ಮನಿಗಿ ಬೇಡಾಕ ಹೋಗ್ಲಿ?" ಎಂದು ಕುಸುಮಾ ಮೇಲೆ ಹರಿಹಾಯ್ದೆ.

"ಬ್ಯಾಡ್ರಿ. ಅತ್ತಿಯಾರ ಗಡಿಗಿ ಖಾಲಿ ಐತಿ, ಅದರಾಗ ನಿಮ್ಮ ಮರ್ಯಾದಿ ಹಾಕಿ ಬೂದಿ ಮುಚ್ಚಿ ಇಡ್ರಿ."

ಪಂಚಮಿಗೆ ಅಕ್ಕನನ್ನು ಕರೆಯುವ ನೆವ ಮಾಡಿ ಶೇಡಬಾಳದಲ್ಲಿ ಪ್ಯಾಸೆಂಜರ್ ಹತ್ತಿದೆ. ಕಿಟಕಿಯ ಹೊರಗೆ ಉಗಾರ, ಕುಡಚಿ, ಹೊಳೆಯ ಸೇತುವೆ. ಆ ಕಡೆ ಕಬ್ಬು, ಈ ಕಡೆ ಕಬ್ಬು. ಎಷ್ಟು ಚೆಂದದ ಹಸಿರು! ಆದರೆ ಸಣ್ಣವನಿದ್ದಾಗ ಇದೇ ದಾರಿಯಲ್ಲಿ ಕಿಟಕಿಗೆ ಮುಖ ಒತ್ತಿ, ಇದು ಸಜ್ಜೆ, ಇದು ತೊಗರಿ, ಇದು ಕುಸುಬೆಯ ಹೂ ಎಂದು ಅಕ್ಕನ ಜೊತೆ ಪಂಥ ಕಟ್ಟುತ್ತಿದ್ದೆ. ಈಗ ಪಂಥ ಕಟ್ಟಿದರೆ ಇಬ್ಬರೂ ಗೆಲ್ಲುತ್ತೇವೆ, ಒಂದೇ ಹೆಸರು ಹೇಳಿ. ಆಟದಲ್ಲಿ ಏನೂ ಉಳಿದಿಲ್ಲ.

ಅಕ್ಕ ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ನನ್ನ ಕೈಯ ಸೀರೆಯ ಗಂಟು ನೋಡಿದಳು, ನನ್ನ ಮುಖ ನೋಡಿದಳು.

"ಬಾರೋ ತಮ್ಮಾ. ಪಂಚಮಿ ಇನ್ನ ಆರೇಳ ದಿನ ಐತಿ. ಈಗ ಕರ್ಯಾಕ ಬಂದಿ?"

"ಯಾಕ, ಮುಂಚೆ ಬರಬಾರ್ದೇನ?"

"ಹಿಂದಾಗಡೆ ಬಂದಂವದಿ, ಮುಂಚೆ ಯಾವತ್ತೂ ಬಂದಂವಲ್ಲ. ಏನ ಬೇಕಾಗೈತಿ ಹೇಳ."

ನಾನು ಮಳೆಯ ಮಾತಾಡಿದೆ. ಎಮ್ಮೆಯ ಹಾಲಿನ ಮಾತಾಡಿದೆ. ಬೀಗರ ಮೂರು ಗಾಡಿಯ ಮಾತಾಡಿದೆ. ಅಕ್ಕ ಎಮ್ಮೆಗೆ ಇನ್ನೊಂದು ಹಿಡಿ ಮೇವು ಹಾಕಿದಳು. ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಬಂದು ಕೂತು ನಾನು ಯಾವಾಗ ಮುಗಿಸುತ್ತೇನೆ ಎಂದು ಕಾಯತೊಡಗಿದಳು. ಕೊನೆಗೆ ಕಾಲ ಹೆಬ್ಬೆರಳು ನೋಡುತ್ತ ಅಂದೆ:

"ಅಕ್ಕಾ, ನಿನ್ನ ಮದಿವ್ಯಾಗ ಅವ್ವ ಸೆರಗಿಗಿ ಗಂಟ ಹಾಕಿದ್ಲಲ್ಲ..."

"ಸಕ್ಕರಿ ಜ್ವಾಳ."

"ಐತೇನ ಇನ್ನ?"

ಅಕ್ಕ ಒಳಗೆ ಹೋದಳು. ಹೋದವಳು ಬೇಗ ಬರಲಿಲ್ಲ. ಇಲ್ಲ ಎನ್ನಲು ಇಷ್ಟು ಹೊತ್ತು ಬೇಕಿಲ್ಲ ಎಂದು ನಾನು, ಇದೆ ಎನ್ನಲೂ ಇಷ್ಟು ಹೊತ್ತು ಬೇಕಿಲ್ಲ ಎಂದೂ ನಾನೇ. ಆಮೇಲೆ ಅಕ್ಕ ತೊಲೆಗೆ ಕಟ್ಟಿದ್ದ ಒಂದು ತೆನೆಯ ಗೊಂಚಲನ್ನು ತಂದು ನನ್ನ ಮುಂದೆ ಇಟ್ಟಳು, ಹೊಗೆಗೆ ಕಪ್ಪಾದದ್ದು. ಒಂದು ತೆನೆ ಎತ್ತಿ ತಿರುಗಿಸಿ ನೋಡಿದೆ.

"ಇದ ನಮ್ಮ ಜ್ವಾಳ ಅಲ್ಲ ಬೇ. ನಮ್ಮ ತೆನಿ ಮುಷ್ಟಿಗತೆ ಬಿಗಿ ಇತ್ತ. ಇದ ಸಡ್ಲ ಐತಿ. ಸಿಪ್ಪಿ ಬಣ್ಣಾನೂ ಬ್ಯಾರೆ ಐತಿ."

"ಸಡ್ಲ ಆಗೈತಿ, ಹೌದ. ನಾ ಆಗಿಲ್ಲೇನು?" ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಹತ್ತೊಂಬತ್ತರಾಗ ಈ ಮನಿಗಿ ಬಂದೆ. ಈ ಊರ ನೀರ ಕುಡದೀನಿ, ಈ ಊರ ಬಿಸಲ ಉಂಡೀನಿ. ಈಗ ನನ್ನೂ ತಿರಿವಿ ನೋಡಿ, ಇಕಿ ನಮ್ಮಕ್ಕ ಅಲ್ಲ ಅಂತೀ ಏನು?"

ಕಟ್ಟೆಯ ಮೇಲಿನ ಮುದುಕಿ "ಹಂಗ ಹೇಳವಾ" ಎಂದಳು.

ನಾನು ಒಂದು ಕಾಳು ಬಾಯಿಗೆ ಹಾಕಿ ಹಲ್ಲಲ್ಲಿ 'ಕಟ್' ಎಂದು ಒಡೆದೆ. ಒಣ ಕಾಳಿನಲ್ಲಿ ಸಿಹಿ ಇರುವುದಿಲ್ಲ. ಆದರೂ ಎಲ್ಲೋ ಹಿಂದೆ, ನಾಲಿಗೆಯ ಬುಡದಲ್ಲಿ, ಇತ್ತು. ಇರಲಿಕ್ಕಿಲ್ಲ; ಕಣ್ಣಲ್ಲಿ ನೀರು ಬಂದರೆ ಗಂಟಲಿಗೆ ಏನೇನೋ ರುಚಿ ಬರುತ್ತದೆ.

"ಪ್ರತಿ ವರ್ಷ ಎರಡ ಸಾಲ ಹಚ್ಚಕೋತ ಬಂದೀನಿ," ಎಂದಳು ಅಕ್ಕ, ಈಗ ಮೆತ್ತಗೆ. "ಕಬ್ಬಿನ ಬಾಜೂಕ ಇದೇನ ಹುಚ್ಚ ಅಂತ ಮಾವಾರು ಬೈತಿದ್ರು. ಸುಟ್ಟ ವಾಸನಿ ಬಂದ್ರ ಮೊದ್ಲ ಓಡಿ ಬರಾವ್ರೂ ಅವರ. ನನಗ ಅದ ವಾಸನಿ ಬಂದ್ರ ಸಾಕ, ತವರ ಮನ್ಯಾಗ ಇದ್ದಂಗ ಆಗತಿತ್ತ. ನೀ ಅಂತೂ ಕೇಳಲಿಲ್ಲ. ಬಿಟ್ಟಾಳ ಅಂತ ತಿಳ್ಕೊಂಡಿದ್ದಿ, ಅಲ್ಲಾ?"

ನಾನು ಚೀಲ ತೆಗೆದೆ. ಅಕ್ಕ ಅದನ್ನು ಕಸಿದು ಎಮ್ಮೆಯ ಕಡೆ ಎಸೆದಳು.

"ಚೀಲದಾಗ ಹಾಕೂದು ಬಜಾರದ್ದು. ಟಾವೆಲ್ ಒಡ್ಡ."

"ಅಕ್ಕಾ, ಮಂದಿ ನೋಡಾಕತ್ತಾರ."

"ನೋಡ್ಲಿ. ಒಡ್ಡ ಅಂದ್ರ ಒಡ್ಡ."

ಹೆಗಲ ಮೇಲಿನ ಟವೆಲ್ಲನ್ನು ಹೆಣ್ಣುಮಕ್ಕಳು ಸೆರಗು ಹಿಡಿಯುವ ಹಾಗೆ ಎರಡು ಕೈಯಲ್ಲಿ ಹಿಡಿದು ನಿಂತೆ. ಅಕ್ಕ ನನ್ನ ಹಣೆಗೆ ಕುಂಕುಮ ಹಚ್ಚಿದಳು, ಜೋಳ ತಿಕ್ಕಿ ಊದಿ ಐದು ಮುಷ್ಟಿ ಹಾಕಿದಳು. ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು: "ಗಂಡಸರ ಉಡಿ ತುಂಬಿದ್ದ ನಾ ಎಂದೂ ನೋಡಿದ್ದಿಲ್ಲವಾ!"

"ಇವತ್ತ ನೋಡಾಯಿ," ಎಂದಳು ಅಕ್ಕ. "ಇವ್ನೂ ತವರ ಮನೀಗಿ ಬಂದಾನ."

ಆಮೇಲೆ ನನ್ನ ಟವೆಲ್ಲಿನಿಂದ ಒಂದು ಚಿಮಟಿ ತೆಗೆಸಿ ತನ್ನ ಗಡಿಗೆಗೆ ನನ್ನ ಕೈಯಿಂದಲೇ ಹಾಕಿಸಿದಳು. "ತಳಾ ಕಾಣಬಾರ್ದು," ಎಂದಳು. ಅವ್ವನ ದನಿ ಎಲ್ಲಿ ಹೋಗಿತ್ತು ಎಂದು ನನಗೆ ಅವತ್ತು ಗೊತ್ತಾಯಿತು. "ಮುಂದಿನ ವರ್ಷ ಒಂದಕ್ಕ ಒಂದೂಕಾಲ ತಿರಗಿ ತರಬೇಕ. ಮತ್ತ ಕೇಳಿದವರಿಗಿ ನೋಡೂಣು ಅನಬ್ಯಾಡ. ನೀ ಹಂಗ ಅಂತೀ, ನನಗ ಗೊತ್ತೈತಿ." ಹೊರಡುವಾಗ ಕಾಗದದಲ್ಲಿ ಒಂದಿಷ್ಟು ಪುಂಡಿಯ ಬೀಜವನ್ನೂ ಕಟ್ಟಿಕೊಟ್ಟಳು. ಕವಣೆ ಹರಿದಿದ್ದರೆ ಬೇಕಾಗುತ್ತದೆ ಎಂದು.

ಆ ಹಿಂಗಾರಿನಲ್ಲಿ ಬಿತ್ತಿದ ಜೋಳದ ಒಂದು ತೆನೆಯನ್ನೂ ಸುಡಲಿಲ್ಲ. ಚಪ್ಪರ ಖಾಲಿ ಇತ್ತು, ನಿಂತ ಕಾರುಗಳು ಸುಮ್ಮನೆ ಮುಂದೆ ಹೋದವು. ಹಕ್ಕಿಗಳು ತಮ್ಮ ಪಾಲು ತಿಂದವು. ಆ ಪಾಲನ್ನು ಈ ಸಲ ಲೆಕ್ಕದಲ್ಲೇ ಹಿಡಿದು ಬಿತ್ತಿದ್ದೆ. ತೆನೆಗಳು ಸಡಿಲವಾಗಿಯೇ ಬಂದವು, ಅಕ್ಕನ ಹಾಗೆ. ಸಡಿಲ ತೆನೆಯಲ್ಲಿ ನೀರು ನಿಲ್ಲುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ ಎಂದು ಸುಗ್ಗಿಯಲ್ಲಿ ಕಾಲ ತಪ್ಪಿ ಮಳೆ ಬಂದಾಗ ತಿಳಿಯಿತು. ಅಕ್ಕನಿಗೆ ಸಲ್ಲಬೇಕಾದದ್ದನ್ನು ಮುಟ್ಟಿಸಿ ಬಂದೆ. ರಸ್ತೆಯ ಬದಿಯ ಆ ಇಬ್ಬರು ಹೆಣ್ಣುಮಕ್ಕಳನ್ನು ಕರೆದು ಕೊಟ್ಟೆ. ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು, ಹುಷಾರಿದ್ದೇನೆಯೇ ಎಂದು. ಮೂರು ಚಪ್ಪರಗಳಾದರೆ ಗಿರಾಕಿ ಹಂಚಿಹೋಗುತ್ತಾರೆ ಎಂದು ಸನ್ಮತಿ ಲೆಕ್ಕ ಹಾಕಿದ. ಮೂರು ಚಪ್ಪರದ ವಾಸನೆ ಮೂರು ಪಟ್ಟು ದೂರ ಹೋಗುತ್ತದೆ ಎಂದು ನಾನು ಹಾಕಿದೆ. ಯಾರ ಲೆಕ್ಕ ಸರಿ ಎಂದು ಬರುವ ಸಂಕ್ರಾಂತಿ ಹೇಳಬೇಕು. ನನಗೆ ಮೊದಲಿನಿಂದಲೂ ಗಣಿತ ಅಷ್ಟಕ್ಕಷ್ಟೆ. ಕಾಲೇಜಿನ ಹುಡುಗಿಗೆ ಕಳಿಸಿದೆ, ಕಾಗವಾಡದ ಒಬ್ಬ ಗೆಳೆಯ ಕೇಳಿದ, ಅವನಿಗೂ ಕೊಟ್ಟೆ. ಪದ್ಮಾ ತವರಿಗೆ ಬಂದಾಗ ಕುಸುಮಾ ಅವಳ ಸೆರಗಿಗೆ ಒಂದು ಮುಷ್ಟಿ ಗಂಟು ಹಾಕಿದಳು. ತಾತ್ಯಾಸಾಹೇಬರು ಅದನ್ನು ತಂಬಾಕಿನ ಹೊಲದ ನಡುವೆ ಬಿತ್ತಿಸಿದ್ದಾರಂತೆ. ನಿನ್ನೆ ಫೋನು ಮಾಡಿದ್ದರು: "ಬೀಗ್ರ, ಈ ಸಲ ಸೀತನಿಗಿ ನೀವ ನಮ್ಮಲ್ಲಿ ಬರ್ರಿ. ಮುಗದ್ರ ಹೇಳತೀನಿ, ನೀವೂ ಬ್ಯಾಸರಾ ಮಾಡ್ಕೋಬ್ಯಾಡ್ರಿ."

ಶಾಲೆ ಬಿಟ್ಟವನು ಏನು ಗಳಿಸಿದ ಎಂದು ಯಾರಾದರೂ ಕೇಳಿದರೆ ಹೇಳಲು ಬೇಕಲ್ಲ, ಅದಕ್ಕೆ ಬರೆದಿಡುತ್ತೇನೆ. ಕಬ್ಬು ಐದು ಎಕರೆ. ಎರೆ ಹೊಲ ಒಂದೂವರೆ. ಎಮ್ಮೆ ಎರಡು, ಟ್ರ್ಯಾಕ್ಟರು ಒಂದು. ಬದುವಿನ ಮೇಲೆ ಇನ್ನೂ ಎಳೆಯ ಪುಂಡಿ ಒಂದು ಸಾಲು, ಗೂಟದ ಮೇಲೆ ಕವಣೆ ಒಂದು. ಸಕ್ಕರಿ ಜೋಳದ ಗಡಿಗೆ ಏಳು. ಒಂದು ನನ್ನ ಮನೆಯಲ್ಲಿದೆ, ಆರು ಬೇರೆಯವರ ಮನೆಗಳಲ್ಲಿ.